ಹೇರು ಇಳಿಸುವ ಹೊತ್ತು

ಮುಳಬಾಗಿಲು ದಾಟಿ ಪಲಮನೇರಿನ ಮೇಲೆ ಚಿತ್ತೂರಿಗೆ ಹೊರಟರೆ ದಾರಿಯಲ್ಲಿ ಮೊಗಿಲಿ ಘಟ್ಟ ಸಿಗುತ್ತದೆ. ಇವತ್ತು ಕಾರು, ಬಸ್ಸುಗಳು ಅದನ್ನು ಕೆಲವೇ ನಿಮಿಷಗಳಲ್ಲಿ ಇಳಿದುಬಿಡುತ್ತವೆ. 1791ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಬ್ರಿಟಿಷ್ ಸೈನ್ಯ ಇದೇ ಘಟ್ಟ ಹತ್ತಿ ಮೈಸೂರು ರಾಜ್ಯದೊಳಕ್ಕೆ ಬಂತು. ಶತ್ರು ಆಂಬೂರಿನ ಕಡೆಯಿಂದ ಬರುತ್ತಾನೆಂದು ಟಿಪ್ಪು ಸುಲ್ತಾನ್ ಎಣಿಸಿದ್ದ. ಕಾರ್ನ್‌ವಾಲಿಸ್ ಅತ್ತ ಹೊರಟಂತೆ ತೋರಿಸಿ ಬಡಗಣ ದಾರಿ ಹಿಡಿದ. ಟೇಕಲ್ಲಿನ ಬಂಡೆಬೆಟ್ಟಗಳನ್ನು ದಕ್ಷಿಣಕ್ಕೆ ಬಿಟ್ಟು ಕೋಲಾರ, ಹೊಸಕೋಟೆಗಳ ಮೂಲಕ ಮಾರ್ಚ್ ಮೊದಲ ವಾರದಲ್ಲಿ ಬೆಂಗಳೂರು ತಲುಪಿದ. ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆ ಬಿತ್ತು.

ಯುದ್ಧದ ಚರಿತ್ರೆಯಲ್ಲಿ ಇದು ಗೆಲುವಿನ ಅಧ್ಯಾಯ. ಆದರೆ ಸಾಮಾನು ಹೊತ್ತು ದೂರ ಹೋಗುವವರು ಓದಬೇಕಾದದ್ದು ಇದರ ಮುಂದಿನ ಅಧ್ಯಾಯವನ್ನು.

ಆ ಕಾಲದ ಸೈನ್ಯದ ಗಂಟುಮೂಟೆ ಎಷ್ಟಿರುತ್ತಿತ್ತು? ಇದಕ್ಕಿಂತ ಮುಂಚಿನ ಮೈಸೂರು ಯುದ್ಧದಲ್ಲಿದ್ದ ಇನ್ನೆಸ್ ಮನ್ರೊ ಎಂಬ ಅಧಿಕಾರಿ 1789ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಬ್ಬ ಕ್ಯಾಪ್ಟನ್ನನ ಸಾಮಾನು ಏನೇನೆಂದು ಬರೆದಿಟ್ಟಿದ್ದಾನೆ. ಹಾಸಿಗೆ, ಮಡಿಸುವ ಮೇಜು ಮತ್ತು ಸ್ಟೂಲುಗಳು, ಮೋಂಬತ್ತಿಗೆ ಗಾಜಿನ ಬುರುಡೆಗಳು, ಊಟದ ಪಾತ್ರೆಪಡಗ ತುಂಬಿದ ಆರೇಳು ಪೆಟ್ಟಿಗೆಗಳು, ಎರಡು ಡಜನ್ನು ಜೊತೆ ಬಟ್ಟೆ, ಡಜನ್ನುಗಟ್ಟಲೆ ಮದ್ಯದ ಬಾಟಲಿಗಳು, ಚಹಾ, ಸಕ್ಕರೆ, ಬಿಸ್ಕತ್ತು, ಜೀವಂತ ಕೋಳಿಗಳ ಬುಟ್ಟಿ, ಹಾಲಿಗೊಂದು ಮೇಕೆ. ಇಷ್ಟೂ ಒಬ್ಬನಿಗೆ! ಇವನ್ನೆಲ್ಲ ಹೊರಲು ಎತ್ತುಗಳು ಮತ್ತು ಕೂಲಿಯಾಳುಗಳು ಬೇಕು, ಅವರ ಹೊಟ್ಟೆಗೂ ಬೇಕು. ಇದರ ಮೇಲೆ ಕೋಟೆಗೋಡೆ ಒಡೆಯುವ ಭಾರೀ ಫಿರಂಗಿಗಳು, ಗುಂಡು, ಮದ್ದು. ಒಂದೊಂದು ಫಿರಂಗಿಯನ್ನೂ ಎಳೆಯಲು ಹತ್ತಾರು ಎತ್ತುಗಳನ್ನು ಸಾಲಾಗಿ ಹೂಡಬೇಕಿತ್ತು.

ಕಾರ್ನ್‌ವಾಲಿಸ್ ಮೇ ಮೊದಲ ವಾರದಲ್ಲಿ ಶ್ರೀರಂಗಪಟ್ಟಣಕ್ಕೆ ಹೊರಟ. ಟಿಪ್ಪು ದಾರಿಯ ಹಳ್ಳಿಗಳನ್ನು ಮೊದಲೇ ಬರಿದು ಮಾಡಿಸಿದ್ದ. ಕಾಳಿಲ್ಲ, ಹುಲ್ಲಿಲ್ಲ. ಮಳೆ ಬೇಗ ಹಿಡಿಯಿತು, ದಾರಿ ಕೆಸರಾಯಿತು, ದನಗಳಿಗೆ ರೋಗ ತಗುಲಿತು. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗವನ್ನು ಗೆದ್ದರೂ ಸೈನ್ಯಕ್ಕೆ ಮುಂದೆ ಹೋಗುವ ಶಕ್ತಿ ಉಳಿದಿರಲಿಲ್ಲ. ಎತ್ತುಗಳು ಸಾವಿರಗಟ್ಟಲೆ ಸತ್ತಿದ್ದವು. ಫಿರಂಗಿಗಳನ್ನೂ ಬಂಡಿಗಳನ್ನೂ ಸಿಪಾಯಿಗಳೇ ಎಳೆಯಬೇಕಾಯಿತು. ಕೊನೆಗೆ, ಮೇ ಮುಗಿಯುವ ಮೊದಲೇ, ಕನ್ನಂಬಾಡಿಯ ಬಳಿ ಆ ಭಾರೀ ಫಿರಂಗಿಗಳನ್ನೆಲ್ಲ ತಮ್ಮ ಕೈಯಾರೆ ಹಾಳುಮಾಡಿ ಸೈನ್ಯ ಬೆಂಗಳೂರಿನ ಕಡೆಗೆ ತಿರುಗಿತು. ಮಲಬಾರಿನ ಕಡೆಯಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಇನ್ನೊಂದು ಬ್ರಿಟಿಷ್ ಪಡೆಯ ನಾಯಕ ಅಬರ್‌ಕ್ರಾಂಬಿಯೂ ತನ್ನ ಭಾರೀ ತೋಪುಗಳನ್ನು ಕಳೆದುಕೊಂಡು ಹಿಂದಿರುಗಿದ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸಾಮಾನು ಇಳಿಸುವುದೇನೋ ಆಯಿತು, ಆದರೆ ಇಳಿಸುವ ಹೊತ್ತಿಗೆ ಹೊರುವ ಎತ್ತೇ ಸತ್ತಿತ್ತು. ಹಾಗಾಗಿ ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂದು ಆರಿಸಿಕೊಳ್ಳುವ ಅವಕಾಶ ಉಳಿಯಲಿಲ್ಲ. ಯಾವ ಫಿರಂಗಿಗಾಗಿ ಅಷ್ಟು ದೂರ ಬಂದಿದ್ದರೋ ಅದನ್ನೇ ಒಡೆಯಬೇಕಾಯಿತು.

ಮುಂದಿನ ದಂಡಯಾತ್ರೆ ಬೇರೆ ರೀತಿ ನಡೆಯಿತು. ಬೆಂಗಳೂರನ್ನು ಉಗ್ರಾಣ ಮಾಡಿಕೊಂಡು, 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಹಿಡಿದು ಸಾಗಾಟದ ದಾರಿಯನ್ನು ಭದ್ರ ಮಾಡಿಕೊಂಡರು. ಕಾಳು ಸಾಗಿಸುವ ಹೊಣೆಯಲ್ಲಿ ದೊಡ್ಡ ಪಾಲು ಬಂಜಾರರಿಗೆ, ನಮ್ಮ ಲಂಬಾಣಿಗರಿಗೆ, ಬಂತು. ಅವರದು ಗಾಡಿಯಲ್ಲ, ಬೆನ್ನ ಮೇಲೆ ಚೀಲ ಹೇರಿದ ಎತ್ತುಗಳ ಸಾಲು. ದಾರಿಯಲ್ಲೇ ಮೇಯುತ್ತ ಸಾಗುವ ಆ ಎತ್ತುಗಳಿಗೆ ಮೇವು ಹೊರಲು ಇನ್ನೊಂದು ಎತ್ತು ಬೇಕಿರಲಿಲ್ಲ. ಸಾಗಾಟದ ವಿದ್ಯೆಯಲ್ಲಿ ಆ ಯುದ್ಧದ ಯಾವ ಸೇನಾಪತಿಗಿಂತಲೂ ಲಂಬಾಣಿಗರು ಮುಂದಿದ್ದರು ಎಂದು ಧೈರ್ಯವಾಗಿ ಹೇಳಬಹುದು.

ಇಂದು ಕಾರಿನಲ್ಲೋ ಬೈಕಿನಲ್ಲೋ ತಿಂಗಳುಗಟ್ಟಲೆ ಊರೂರು ಸುತ್ತಲು ಹೊರಡುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಸಾಧಾರಣ ಸಣ್ಣ ಕಾರು ಹೊರಬಲ್ಲದ್ದು ಸುಮಾರು 400ರಿಂದ 450 ಕಿಲೋ. ಐದು ಜನ ದೊಡ್ಡವರು ಕೂತರೆ ಅದರಲ್ಲಿ 350 ಕಿಲೋದಷ್ಟು ಅಲ್ಲಿಗೇ ಮುಗಿಯಿತು. ಉಳಿದದ್ದರಲ್ಲಿ ಟೆಂಟು, ಒಲೆ, ಸಿಲಿಂಡರು, ಮಡಿಸುವ ಕುರ್ಚಿ, ನೀರಿನ ಕ್ಯಾನು, ಎರಡನೆಯ ಸ್ಟೆಪ್ನಿ. ಡಿಕ್ಕಿಯಲ್ಲಿ ಹಿಡಿಸದ್ದು ಮೇಲಿನ ಕ್ಯಾರಿಯರಿಗೆ ಏರುತ್ತದೆ. ಹೆಚ್ಚಿನ ಕಾರುಗಳ ಛಾವಣಿ ತಡೆಯುವುದು ಕ್ಯಾರಿಯರಿನ ತೂಕವೂ ಸೇರಿ 50ರಿಂದ 75 ಕಿಲೋ ಮಾತ್ರ. ಭಾರ ಮೇಲಿದ್ದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ಘಟ್ಟ ಇಳಿಯುವಾಗ ಬ್ರೇಕು ಕಾಯುತ್ತದೆ, ಟೈರಿನ ಪಕ್ಕೆ ಬಗ್ಗಿ ಬಗ್ಗಿ ಬಿಸಿಯಾಗಿ ಸಿಡಿಯುವ ಅಪಾಯವೂ ಇದೆ. ಆಗ ಗಟ್ಟಿ ಸ್ಪ್ರಿಂಗು ಹಾಕಿಸುತ್ತಾರೆ, ಹೆಚ್ಚು ಪೆಟ್ರೋಲು ಸುಡುತ್ತಾರೆ, ಬಿಡಿಭಾಗಗಳನ್ನು ಇನ್ನಷ್ಟು ಹೊರುತ್ತಾರೆ. ಎತ್ತಿನ ಮೇವಿಗೆ ಇನ್ನೊಂದು ಎತ್ತು ಹೂಡಿದಂತೆಯೇ ಇದು.

ಯಾವುದನ್ನು ಬಿಡುವುದು ಎಂದು ತೀರ್ಮಾನಿಸಲು ದಾರಿಯನ್ನು ನೋಡಬೇಕು. ಮನಾಲಿ–ಲೇಹ್ ಹೆದ್ದಾರಿಯ ತಾಂಡಿಯಲ್ಲಿ ಮುಂದಿನ ಪೆಟ್ರೋಲ್ ಬಂಕ್ 365 ಕಿ.ಮೀ. ದೂರವೆಂದು ಎಚ್ಚರಿಸುವ ಫಲಕ ಬಹುಕಾಲದಿಂದ ಪ್ರಸಿದ್ಧ. ಅಂಥ ಕಡೆ 20 ಲೀಟರಿನ ಕ್ಯಾನು ತುಂಬಿಕೊಳ್ಳುವುದು ಬುದ್ಧಿವಂತಿಕೆ. ಆದರೆ ಅದರಲ್ಲಿನ ಪೆಟ್ರೋಲೇ ಸುಮಾರು 15 ಕಿಲೋ ತೂಗುತ್ತದೆ. ಅದನ್ನು ಬೆಂಗಳೂರಿನಲ್ಲೇ ತುಂಬಿಸಿ, ಉದ್ದಕ್ಕೂ ಬಂಕುಗಳಿರುವ ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು ದೂರ ಹೊರುವುದರಲ್ಲಿ ಅರ್ಥವಿಲ್ಲ, ಅಪಾಯವೂ ಇದೆ. ಅಕ್ಕಿ, ಬೇಳೆ, ಸೋಪು, ಕಂಬಳಿ ಯಾವ ಪೇಟೆಯಲ್ಲಾದರೂ ಸಿಗುತ್ತವೆ. ಹೆದ್ದಾರಿಯಲ್ಲಿ ಪಂಕ್ಚರ್ ಅಂಗಡಿಗಳಿಗೆ ಬರವಿಲ್ಲ. ದಾರಿಯಲ್ಲಿ ಸಿಗದೇ ಇರುವುದು ತಮ್ಮದೇ ಗಾಡಿಯ ಕ್ಲಚ್ ಕೇಬಲ್ಲು, ದಿನವೂ ನುಂಗುವ ಮಾತ್ರೆ, ಕನ್ನಡಕದ ಇನ್ನೊಂದು ಜೊತೆ, ಕಾಗದಪತ್ರ. ಇವು ತೂಕವಿಲ್ಲದ ವಸ್ತುಗಳು, ಮನೆಯಲ್ಲಿ ಮರೆತು ಬರುವುದೂ ಸಾಮಾನ್ಯವಾಗಿ ಇವುಗಳನ್ನೇ.

ಹೊರಟ ಮೇಲೆ ಭಾರ ಹೆಚ್ಚಾಯಿತು ಅನ್ನಿಸಿದರೆ ಹಿಂದೆಮುಂದೆ ನೋಡಬೇಕಿಲ್ಲ. ಮೊದಲ ವಾರದಲ್ಲಿ ಒಮ್ಮೆಯೂ ಕೈಗೆತ್ತಿಕೊಳ್ಳದ ಸಾಮಾನನ್ನು ಬೇರೆ ತೆಗೆದು ಹತ್ತಿರದ ಅಂಚೆ ಕಚೇರಿಯಿಂದ ಮನೆಗೆ ಪಾರ್ಸೆಲ್ ಮಾಡಬಹುದು, ದಾರಿಯ ಊರಿನಲ್ಲಿ ಬೇಕಾದವರಿಗೆ ಕೊಟ್ಟುಬಿಡಬಹುದು. ಔಷಧಿಪೆಟ್ಟಿಗೆ, ಜಾಕಿ, ಗಾಳಿ ಪಂಪುಗಳಿಗೆ ಮಾತ್ರ ಈ ನಿಯಮ ಅನ್ವಯಿಸಬಾರದು. ಅವು ಬಳಕೆಗೆ ಬಾರದಿದ್ದರೆ ಅದೇ ಪುಣ್ಯ.

ಕೋಲಾರ ಸೀಮೆಯವರಿಗೆ ಒಂದು ಅನುಕೂಲವಿದೆ. ಟೇಕಲ್, ಮಾಲೂರಿನ ಸುತ್ತ ಕಲ್ಲು ಸಾಗಿಸುವ ಲಾರಿಗಳು ಇರುವುದರಿಂದ ವೇಬ್ರಿಡ್ಜ್ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ದೂರ ಪ್ರಯಾಣಕ್ಕೆ ಹೊರಡುವ ಮುನ್ನ ಸಾಮಾನು ತುಂಬಿ, ಟ್ಯಾಂಕು ತುಂಬಿಸಿ, ಮನೆಮಂದಿಯೆಲ್ಲ ಕೂತು ಒಮ್ಮೆ ಗಾಡಿ ತೂಗಿಸಿ. ಚೀಟಿಯಲ್ಲಿ ಬಂದ ತೂಕವನ್ನು ಗಾಡಿಯ ಕೈಪಿಡಿಯಲ್ಲಿರುವ ಗರಿಷ್ಠ ತೂಕದ ಜೊತೆ ಹೋಲಿಸಿ ನೋಡಿ. ಹೆಚ್ಚಾಗಿದ್ದರೆ ಮನೆಗೆ ವಾಪಸು ಬಂದು ಇಳಿಸಿ, ಆಮೇಲೆ ಹೊರಡಿ.