ನಿಮಗಿದು ಗೊತ್ತೇ? ಬ್ಯಾಂಡ್ ವರಸೆ ಬದಲಿಸಿತು, ಅಭಿಮಾನಿ ಸಿಡಿದೆದ್ದ!

ಮೆಚ್ಚಿನ ರಾಕ್ ಬ್ಯಾಂಡ್ ಇದ್ದಕ್ಕಿದ್ದಂತೆ ಬೇರೆ ಥರ ನುಡಿಸತೊಡಗಿದರೆ ಏನಾಗುತ್ತದೆ? ಒಬ್ಬ ಕುಣಿಯುತ್ತಾನೆ, ಪಕ್ಕದಲ್ಲಿದ್ದವನು ಕೂಗಾಡುತ್ತಾನೆ. ಸಹಿ ಸಂಗ್ರಹಿಸಿದವರಿದ್ದಾರೆ, ಕೋರ್ಟಿಗೆ ಹೋದವರಿದ್ದಾರೆ, ಬೇಸತ್ತು ನಡುಸಮುದ್ರದಲ್ಲಿ ಕೂಲಿ ಕೆಲಸ ಹಿಡಿದವರೂ ಇದ್ದಾರೆ! ಒಂದೊಂದಾಗಿ ನೋಡಿ.

1965ರ ಜುಲೈ 25. ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವ. ಗಾಯಕ ಬಾಬ್ ಡಿಲನ್ ಎಂದರೆ ಸಾದಾ ಗಿಟಾರ್ ಮತ್ತು ಮೌತ್ ಆರ್ಗನ್ ಎಂದು ನಂಬಿದ್ದ ಜನ. ಅವರೋ ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಬ್ಯಾಂಡ್ ಕಟ್ಟಿಕೊಂಡು ಬಂದರು! ಬ್ಯಾಂಡ್ ಜೊತೆ ಹಾಡಿದ್ದು ಮೂರೇ ಹಾಡು. ಚಪ್ಪಾಳೆಯೂ ಬಿತ್ತು, ಛೀಮಾರಿಯೂ ಬಿತ್ತು. ಛೀಮಾರಿ ಎಲೆಕ್ಟ್ರಿಕ್ ಗಿಟಾರಿಗೋ, ಹಾಳು ಮೈಕ್ ಸೆಟ್ಟಿಗೋ, ಮೂರಕ್ಕೇ ಇಳಿದುಹೋದದ್ದಕ್ಕೋ? ಈ ಜಗಳ ಇನ್ನೂ ಮುಗಿದಿಲ್ಲ!

ಹಿರಿಯ ಜಾನಪದ ಗಾಯಕ ಪೀಟ್ ಸೀಗರ್ ಅಂದು ಕೊಡಲಿ ಹಿಡಿದು ವೈರ್ ಕಡಿಯಲು ಹೊರಟರು ಎಂಬ ಕಥೆ ಕೇಳಿದ್ದೀರಾ? ಕೊಡಲಿ ಇರಲೇ ಇಲ್ಲ! ಇದ್ದಿದ್ದರೆ ಕಡಿಯುತ್ತಿದ್ದೆ ಎಂದದ್ದು ಮಾತ್ರ ನಿಜವಂತೆ. ಅದೂ ಗಿಟಾರಿನ ಮೇಲಿನ ಸಿಟ್ಟಿಗಲ್ಲ. ಸದ್ದು ಒಡೆದು ಹಾಡಿನ ಮಾತೇ ಕೇಳುತ್ತಿರಲಿಲ್ಲ ಎಂದು ಅವರೇ ಆಮೇಲೆ ಹೇಳಿದರು.

ಆ ಮೂರು ಹಾಡುಗಳಲ್ಲಿ ಒಂದು 'ಲೈಕ್ ಎ ರೋಲಿಂಗ್ ಸ್ಟೋನ್'. 2004ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 500 ಹಾಡುಗಳನ್ನು ಪಟ್ಟಿ ಮಾಡಿತು. ಮೊದಲ ಸ್ಥಾನ ಯಾವುದಕ್ಕೆ? ಇದಕ್ಕೇ!

ಇನ್ನು ನ್ಯೂಪೋರ್ಟಿನ ಆ ಎಲೆಕ್ಟ್ರಿಕ್ ಗಿಟಾರ್? ಡಿಲನ್ ಅದನ್ನು ವಿಮಾನದಲ್ಲಿ ಮರೆತುಬಿಟ್ಟರು. ಪೈಲಟ್ ಒಬ್ಬರ ಮನೆಯಲ್ಲಿ ಅದು ದಶಕಗಟ್ಟಲೆ ಬಿದ್ದಿತ್ತು. 2013ರಲ್ಲಿ ಹರಾಜಿಗೆ ಬಂದಾಗ ಸಿಕ್ಕ ಬೆಲೆ 9 ಲಕ್ಷ 65 ಸಾವಿರ ಡಾಲರ್!

ನ್ಯೂಪೋರ್ಟಿನ ಮರುವರ್ಷ, 1966ರ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ಪ್ರೇಕ್ಷಕ ಡಿಲನ್‌ಗೆ 'ಜೂಡಾಸ್!' ಎಂದು ಅರಚಿದ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯನ ಹೆಸರದು. ಆ ಅರಚಾಟ ಟೇಪಿನಲ್ಲಿ ದಾಖಲಾಗಿ, ಕಳ್ಳ ರೆಕಾರ್ಡುಗಳಲ್ಲಿ ಜಗತ್ತು ಸುತ್ತಿತು. ಆದರೆ ಅದರ ಮೇಲೆ ಬರೆದದ್ದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಎಂದು! 1998ರಲ್ಲಿ ಅಧಿಕೃತ ಆಲ್ಬಂ ಬಂದಾಗ ಬೇಕೆಂದೇ ಆ ತಪ್ಪು ಹೆಸರನ್ನೂ ಉಳಿಸಿಕೊಂಡರು!

ಊರೂರಲ್ಲಿ ಬೈಗುಳ ತಿಂದು ಸಾಕಾದ ಡಿಲನ್ ತಂಡದ ಡ್ರಮ್ಮರ್ ಲೆವನ್ ಹೆಲ್ಮ್ ಏನು ಮಾಡಿದರು ಗೊತ್ತೇ? 1965ರ ಕೊನೆಯಲ್ಲಿ ತಂಡವನ್ನೇ ಬಿಟ್ಟರು. ಮೆಕ್ಸಿಕೋ ಕೊಲ್ಲಿಯ ತೈಲಬಾವಿಯಲ್ಲಿ ಕೂಲಿಗೆ ಸೇರಿಕೊಂಡರು!

ಬೀಟಲ್ಸ್‌ನಂಥ ಬೀಟಲ್ಸ್‌ಗೂ ಈ ಬಿಸಿ ತಟ್ಟಿತು. 1967ರಲ್ಲಿ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎಂಬ ಹೊಸ ಬಗೆಯ ಹಾಡು ತಂದರು. ಮುಖದ ಮೇಲೆ ಮೀಸೆಯನ್ನೂ ತಂದರು. ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಹಾಡಿನ ದೃಶ್ಯವನ್ನು ತೋರಿಸಿ ಹದಿಹರೆಯದವರ ಅಭಿಪ್ರಾಯ ಕೇಳಿದಾಗ ಹಾಡಿನಷ್ಟೇ ಮೀಸೆಯೂ ಚರ್ಚೆಯಾಯಿತು!

ಬ್ರಿಟನ್ನಿನಲ್ಲಿ ಆ ರೆಕಾರ್ಡಿಗೆ ಮೊದಲ ಸ್ಥಾನವೇ ಸಿಗಲಿಲ್ಲ. ಅಡ್ಡ ನಿಂತದ್ದು 'ರಿಲೀಸ್ ಮಿ' ಎಂಬ ಹಳೆಯ ಶೈಲಿಯ ಪ್ರೇಮಗೀತೆ. ಹಾಡಿದವರು ಎಂಗಲ್‌ಬರ್ಟ್ ಹಂಪರ್‌ಡಿಂಕ್. ಅವರು ಹುಟ್ಟಿದ್ದು ಎಲ್ಲಿ? ನಮ್ಮ ಪಕ್ಕದ ಮದ್ರಾಸಿನಲ್ಲಿ!

ಫ್ರೆಡ್ಡಿ ಮರ್ಕ್ಯುರಿ ಗೊತ್ತಲ್ಲ, ಮಹಾರಾಷ್ಟ್ರದ ಪಂಚಗಣಿಯಲ್ಲಿ ಶಾಲೆ ಕಲಿತವರು? ಅವರ ಕ್ವೀನ್ ತಂಡ 1970ರ ದಶಕದ ಆಲ್ಬಂಗಳ ಮೇಲೆ 'ಸಿಂಥಸೈಜರ್ ಬಳಸಿಲ್ಲ' ಎಂದು ಹೆಮ್ಮೆಯಿಂದ ಅಚ್ಚು ಹಾಕಿಸುತ್ತಿತ್ತು. 1980ರಲ್ಲಿ ಆ ಎಲೆಕ್ಟ್ರಾನಿಕ್ ವಾದ್ಯವೂ ಬಂತು. 1982ರಲ್ಲಿ 'ಹಾಟ್ ಸ್ಪೇಸ್' ಆಲ್ಬಂನಲ್ಲಿ ಡಿಸ್ಕೋ ಕುಣಿತವೇ ಬಂತು! ಗಿಟಾರ್ ಎಲ್ಲಿ ಹೋಯಿತು ಎಂದು ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದರು. ಅದೇ ಆಲ್ಬಂನಲ್ಲಿದ್ದ 'ಅಂಡರ್ ಪ್ರೆಷರ್' ಮಾತ್ರ ಎಲ್ಲರಿಗೂ ಬೇಕು!

ಅಭಿಮಾನಿಗಳಿರಲಿ, ರೆಕಾರ್ಡ್ ಕಂಪನಿಯೇ ಮುನಿದರೆ? ಕೆನಡಾದ ಗಾಯಕ ನೀಲ್ ಯಂಗ್ 1982ರ 'ಟ್ರಾನ್ಸ್' ಆಲ್ಬಂನಲ್ಲಿ ಯಂತ್ರದ ಮೂಲಕ ತಮ್ಮ ದನಿಯನ್ನು ರೋಬೋಟ್ ಥರ ಮಾಡಿಕೊಂಡು ಹಾಡಿದರು. ಕಂಪನಿ ರಾಕ್ ಅಂಡ್ ರೋಲ್ ಕೊಡಿ ಎಂದಿತು. ಅವರು 1950ರ ದಶಕದ ಶೈಲಿಯಲ್ಲಿ ಒಂದು ಕೊಟ್ಟರು! ಸಿಟ್ಟಾದ ಗೆಫನ್ ಕಂಪನಿ 33 ಲಕ್ಷ ಡಾಲರ್ ಕೇಳಿ ದಾವೆ ಹೂಡಿತು. ಆಪಾದನೆ ಏನು? ನೀಲ್ ಯಂಗ್ ನೀಲ್ ಯಂಗ್ ಥರ ಹಾಡುತ್ತಿಲ್ಲ! ಕೊನೆಗೆ ಕಂಪನಿಯ ಒಡೆಯರೇ ಕ್ಷಮೆ ಕೇಳಿದರು.

ಆ ರೋಬೋಟ್ ದನಿಯ ಹಿಂದಿನ ಸಂಗತಿ ಕೇಳಿ. ನೀಲ್ ಯಂಗ್ ಅವರ ಪುಟ್ಟ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬಾರದು. ಮಗನೊಡನೆ ಮಾತಾಡಲು ಪಡುವ ಪಾಡೇ ಆ ಹಾಡುಗಳಲ್ಲಿದೆ ಎಂದು ಅವರು ಆಮೇಲೆ ಹೇಳಿದರು. ಬೈದವರಿಗೆ ಇದು ಗೊತ್ತೇ ಇರಲಿಲ್ಲ!

ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ 'ರೂಮರ್ಸ್' ಈವರೆಗೆ 4 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಅದರಂಥದ್ದೇ ಇನ್ನೊಂದು ಬೇಕು ಎಂದು ಎಲ್ಲರೂ ಕಾದರೆ, 1979ರಲ್ಲಿ ಬಂದದ್ದು ವಿಚಿತ್ರ ಸದ್ದುಗಳ 'ಟಸ್ಕ್'! ಖರ್ಚು 10 ಲಕ್ಷ ಡಾಲರಿಗೂ ಮೇಲೆ. 40 ಲಕ್ಷ ಪ್ರತಿ ಮಾರಾಟವಾದರೂ ಸೋತಿತು ಎಂದೇ ಲೆಕ್ಕ!

ಅದರ ಶೀರ್ಷಿಕೆ ಗೀತೆಗೆ ವಿಶ್ವವಿದ್ಯಾಲಯವೊಂದರ ಮೆರವಣಿಗೆ ಬ್ಯಾಂಡನ್ನು ಕರೆಸಿ, ಲಾಸ್ ಏಂಜಲೀಸ್‌ನ ಖಾಲಿ ಬೇಸ್‌ಬಾಲ್ ಸ್ಟೇಡಿಯಂನಲ್ಲಿ ನುಡಿಸಿದರು. ಬೇಸ್ ಗಿಟಾರಿನ ಜಾನ್ ಮೆಕ್‌ವೀ ಆಗ ದೂರದ ತಾಹಿತಿ ದ್ವೀಪದಲ್ಲಿದ್ದರು. ವಿಡಿಯೋದಲ್ಲಿ ಅವರ ಬದಲಿಗೆ ಇರುವುದು ಆಳೆತ್ತರದ ರಟ್ಟಿನ ಚಿತ್ರ!

ರೇಡಿಯೋಹೆಡ್ ತಂಡ 2000ದಲ್ಲಿ 'ಕಿಡ್ ಎ' ತಂದಾಗ ಗಿಟಾರುಗಳು ಹಿಂದೆ ಸರಿದು ಯಂತ್ರಗಳ ಗುಂಯ್‌ಗುಡುವಿಕೆ ಮುಂದೆ ಬಂತು. ಬಿಡಿ ಹಾಡಿನ ರೆಕಾರ್ಡ್ (ಸಿಂಗಲ್) ಬಿಡಲಿಲ್ಲ, ಮಾಮೂಲಿ ಮ್ಯೂಸಿಕ್ ವಿಡಿಯೋ ಇಲ್ಲ. ಆದರೂ ಅಮೆರಿಕದಲ್ಲಿ ನೇರ ನಂಬರ್ ಒನ್! ಬ್ರಿಟನ್ನಿನ 'ಮೆಲೊಡಿ ಮೇಕರ್' ಪತ್ರಿಕೆ ಅದನ್ನು ಹಿಗ್ಗಾಮುಗ್ಗಾ ಬೈಯಿತು. ಆ ವರ್ಷದ ಕೊನೆಗೆ ಆ ಪತ್ರಿಕೆಯೇ ನಿಂತುಹೋಯಿತು. 'ಕಿಡ್ ಎ' ಮಾತ್ರ 'ರೋಲಿಂಗ್ ಸ್ಟೋನ್' ಪಟ್ಟಿಯಲ್ಲಿ ಆ ದಶಕದ ಅತ್ಯುತ್ತಮ ಆಲ್ಬಂ ಆಯಿತು!

ಅಭಿಮಾನಿಗಳ ಕೈಯಲ್ಲಿ ಹೆವಿ ಮೆಟಲ್ ತಂಡ ಮೆಟಾಲಿಕಾ ತಿಂದಷ್ಟು ಬೈಗುಳ ಬೇರೆ ಯಾರು ತಿಂದಾರು? 1984ರಲ್ಲಿ ಮೆದುವಾಗಿ ಶುರುವಾಗುವ ಒಂದು ಹಾಡು ಮಾಡಿದ್ದಕ್ಕೇ 'ದುಡ್ಡಿಗೆ ಮಾರಿಕೊಂಡರು' ಎಂಬ ಕೂಗು. 1989ರಲ್ಲಿ ಮೊದಲ ವಿಡಿಯೋ ಮಾಡಿದಾಗ ಮತ್ತೆ ಅದೇ ಕೂಗು. 1996ರಲ್ಲಿ ತಲೆಗೂದಲು ಕತ್ತರಿಸಿಕೊಂಡಾಗಲೂ ರಂಪ!

1991ರ ಕಪ್ಪು ರಟ್ಟಿನ ಆಲ್ಬಂನಲ್ಲಿ ಮೆಟಾಲಿಕಾ ವೇಗ ಇಳಿಸಿ, ಹಾಡುಗಳನ್ನು ಚಿಕ್ಕದು ಮಾಡಿತು. ಕಟ್ಟಾ ಅಭಿಮಾನಿಗಳು ಹಲ್ಲು ಕಡಿದರು. ಉಳಿದವರು? ಅಮೆರಿಕ ಒಂದರಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಕೊಂಡರು!

2003ರ 'ಸೇಂಟ್ ಆ್ಯಂಗರ್' ಬಂದಾಗ ಇನ್ನೊಂದು ಆಘಾತ. ಗಿಟಾರ್ ಸೋಲೋ ಒಂದೂ ಇಲ್ಲ! ಡ್ರಮ್ ಕೇಳಿದರೆ ಖಾಲಿ ಡಬ್ಬ ಬಡಿದಂತೆ. ನಿರ್ಮಾಪಕ ಬಾಬ್ ರಾಕ್ ಅವರನ್ನು ತೆಗೆದುಹಾಕಿ ಎಂದು 1,500ರಷ್ಟು ಅಭಿಮಾನಿಗಳು ಮನವಿಗೆ ಸಹಿ ಹಾಕಿದರು. ಆದರೆ ಅದೇ ಆಲ್ಬಂನ ಶೀರ್ಷಿಕೆ ಗೀತೆಗೆ 2004ರಲ್ಲಿ ಗ್ರ್ಯಾಮಿ ಪ್ರಶಸ್ತಿ!

ಸರಿ, ಹಳೆಯ ವರಸೆಯೇ ಬೇಕಲ್ಲವೇ ಎಂದು 2008ರಲ್ಲಿ 'ಡೆತ್ ಮ್ಯಾಗ್ನೆಟಿಕ್' ಕೊಟ್ಟರು. ಆಗಲೂ ಸಹಿ ಸಂಗ್ರಹ! ಸದ್ದು ಅತಿಯಾಗಿ ಒಡೆದು ಕೇಳುತ್ತದೆ ಎಂಬ ತಕರಾರು. 'ಗಿಟಾರ್ ಹೀರೋ' ಎಂಬ ವಿಡಿಯೋ ಗೇಮ್‌ನಲ್ಲಿ ಅದೇ ಹಾಡುಗಳು ಆಲ್ಬಂಗಿಂತ ಚೆನ್ನಾಗಿ ಕೇಳುತ್ತವೆ ಎಂದು ಕಂಡುಹಿಡಿದವರೂ ಅಭಿಮಾನಿಗಳೇ!

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ದೆಹಲಿ ಬಳಿಯ ಕಾರ್ಯಕ್ರಮ ರದ್ದಾದ್ದರಿಂದ ಭಾರತದಲ್ಲಿ ಅವರ ಮೊದಲ ಕಛೇರಿ ನಡೆದದ್ದು ನಮ್ಮೂರಲ್ಲೇ! ಸರಿಯಾಗಿ ಮರುದಿನ ಬಿಡುಗಡೆಯಾಯಿತು 'ಲುಲು'. ರಾಕ್ ಗಾಯಕ ಲೂ ರೀಡ್ ಜೊತೆ ಮಾಡಿದ, ಹಾಡಿಗಿಂತ ಮಾತೇ ಹೆಚ್ಚಿರುವ ಆಲ್ಬಂ ಅದು. ಅದಕ್ಕೆ ಬಿದ್ದ ಬೈಗುಳದ ಮುಂದೆ ಹಿಂದಿನವೆಲ್ಲ ಏನೂ ಅಲ್ಲ!

ಲೂ ರೀಡ್‌ಗೆ ಇದು ಹೊಸದೇನಲ್ಲ ಬಿಡಿ. 1975ರಲ್ಲೇ ಅವರು 'ಮೆಟಲ್ ಮೆಷೀನ್ ಮ್ಯೂಸಿಕ್' ತಂದಿದ್ದರು. ಎರಡು ರೆಕಾರ್ಡ್, ಒಂದು ಗಂಟೆಗೂ ಮೇಲೆ. ಹಾಡಿಲ್ಲ, ತಾಳವಿಲ್ಲ, ಬರೀ ಗಿಟಾರುಗಳ ಕೀರಲು! ಕೊಂಡವರು ಅಂಗಡಿಗೆ ವಾಪಸ್ ತಂದರು. 2002ರಲ್ಲಿ ಜರ್ಮನಿಯ ಸಂಗೀತಗಾರರು ಅದೇ ಕೀರಲನ್ನು ಸ್ವರ ಹಾಕಿ ಬರೆದುಕೊಂಡು, ಪಿಟೀಲು, ತುತ್ತೂರಿಗಳಲ್ಲಿ ನುಡಿಸಿದರು! ವೇದಿಕೆಯ ಮೇಲೆ ಖುದ್ದು ಲೂ ರೀಡ್ ಕೂಡ ಇದ್ದರು.

ಆ ರೆಕಾರ್ಡಿನ ಕೊನೆಯ ಮಗ್ಗುಲಿನಲ್ಲಿ ಗೆರೆ ತನ್ನಷ್ಟಕ್ಕೇ ಸುತ್ತು ಹಾಕುವಂತೆ ಮಾಡಿದ್ದರು. ಎದ್ದು ಹೋಗಿ ಮುಳ್ಳು ಎತ್ತುವವರೆಗೂ ಕೀರಲು ನಿಲ್ಲುವುದಿಲ್ಲ. ಅಭಿಮಾನಿ ಎಷ್ಟೇ ಬೈಯಲಿ, ಮುಗಿಯುವುದೇ ಇಲ್ಲ!