ಎಸ್‌ಎಸ್‌ಎಲ್‌ಸಿ ಮುಗೀತು, ಪಿಯು ಇಂಗ್ಲಿಷ್ ಹೇಗಿರುತ್ತೆ?

ಗೋಣಿಬೀಡಿನಿಂದ ಬಸ್ ಹತ್ತಿ ಮೂಡಿಗೆರೆಗೆ ಪಿಯು ಓದೋಕೆ ಹೊರಟಿದ್ದೀರಾ? ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇಂಗ್ಲಿಷ್ ಪೀರಿಯಡ್ ಅಂದ್ರೆ ಭಯ ಸಹಜ. ಕಾನ್ವೆಂಟ್‌ನಿಂದ ಬಂದವರಿಗೂ ನಿಮಗೂ ಇಲ್ಲಿ ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ.

ಆದ್ರೆ ಕೇಳಿ, ಆ ಪುಸ್ತಕದೊಳಗೆ ನಮ್ಮ ಕಡೆಯವರೇ ಇದ್ದಾರೆ! ಪ್ರಥಮ ಪಿಯುಸಿಯ 'ಬೀಕನ್' ಪಠ್ಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಮೂಲಿಕೆ ಬಳ್ಳಿಯ ಸುತ್ತ' ಇಂಗ್ಲಿಷಿಗೆ ಬಂದು ಕೂತಿದೆ. 'ಪರಿಸರದ ಕತೆ'ಯ ಬರಹ ಅದು. ತೇಜಸ್ವಿ ಬದುಕಿದ್ದು ಮೂಡಿಗೆರೆಯ ಕಾಫಿ ತೋಟದಲ್ಲಿ. ಪಾಠದಲ್ಲಿ ಬರೋ ಮಾರನಂಥವರು, ಆ ಕಾಡು, ಆ ಬಳ್ಳಿ, ಇದೆಲ್ಲ ಬೆಂಗಳೂರಿನ ಹುಡುಗ ಊಹಿಸಿಕೊಳ್ಳಬೇಕು. ನೀವು ದಿನಾ ನೋಡ್ತೀರಿ. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪಾಠ ತೆಗೀರಿ. ಅರ್ಧ ಭಯ ಅಲ್ಲೇ ಹೋಗುತ್ತೆ.

ಹೈಸ್ಕೂಲಿಗಿಂತ ಇಲ್ಲಿ ಉತ್ತರ ಉದ್ದ. ನಾಲ್ಕು ಅಂಕಕ್ಕೆ ಒಂದು ಪ್ಯಾರಾ, ಆರು ಅಂಕಕ್ಕೆ ಸುಮಾರು 200 ಪದ. ಕಥೆಯಲ್ಲಿ ಏನಾಯ್ತು ಅಂತ ಹೇಳಿದ್ರೆ ಸಾಲಲ್ಲ. ಆ ಪಾತ್ರ ಹಾಗ್ಯಾಕೆ ಮಾಡ್ತು, ನಿಮಗೇನು ಅನ್ನಿಸ್ತು ಅನ್ನೋದನ್ನ ಪಾಠದಿಂದಲೇ ತೋರಿಸಬೇಕು. ಗೈಡ್ ಉರು ಹೊಡೆದವರಿಗೆ ಪ್ರಶ್ನೆ ಸ್ವಲ್ಪ ತಿರುಗಿದ ಕೂಡ್ಲೇ ಕೈ ನಿಂತುಬಿಡುತ್ತೆ, ದಯವಿಟ್ಟು ಆ ದಾರಿ ಬೇಡ. ದಿನಾ ಐದು ವಾಕ್ಯ ನಿಮ್ಮದೇ ಇಂಗ್ಲಿಷಲ್ಲಿ ಬರೀರಿ, ತಪ್ಪಿದ್ರೂ ಲೆಕ್ಚರರ್‌ಗೆ ತೋರಿಸಿ.

ಗ್ರಾಮರ್ ಇದ್ದೇ ಇರುತ್ತೆ. ಲಿಖಿತ ಪರೀಕ್ಷೆ 80 ಅಂಕಕ್ಕೆ. ಉಳಿದ 20 ಆಂತರಿಕ ಅಂಕ, ಟೆಸ್ಟು ಮತ್ತು ಪ್ರಾಜೆಕ್ಟಿಗೆ. ಪ್ರಾಜೆಕ್ಟಿಗೆ ನೆಟ್‌ನಿಂದ ಇಳಿಸಬೇಡಿ. ಲೆಕ್ಚರರ್ ಒಪ್ಪಿದ್ರೆ, ನಿಮ್ಮಜ್ಜಿಗೆ ಗೊತ್ತಿರೋ ಒಂದು ನಾಟಿ ಮದ್ದನ್ನ ಕೇಳಿ ತಿಳ್ಕೊಂಡು ಇಂಗ್ಲಿಷಲ್ಲಿ ಬರೀರಿ.