ಹುಡುಗ ಕಟ್ಟಿದ ಕತೆ, ಊರು ಆಡಿದ ಆಟ

ಅಕ್ಕನ ಮಗ ಎಂಟನೇ ಕ್ಲಾಸು. ಬೆಂಗಳೂರಿನ ಪಟ್ಟಂದೂರು ಅಗ್ರಹಾರದಲ್ಲಿ ಮನೆ. ಬೇಸಿಗೆ ರಜೆಯಲ್ಲಿ ಅವನೊಂದು ಫುಟ್‌ಬಾಲ್ ತಂಡ ಕಟ್ಟಿದ. ಮೈದಾನದಲ್ಲಲ್ಲ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ! ನೀಲಿ ಪೆನ್ನಿನಲ್ಲಿ ಜೆರ್ಸಿಯ ಚಿತ್ರ, ಹನ್ನೊಂದು ಆಟಗಾರರ ಹೆಸರು, ಗೆದ್ದ ಕಪ್ಪುಗಳ ಪಟ್ಟಿ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ 'ನಮ್ಮ ತಂಡದ ಇತಿಹಾಸ'. ಅದರ ಕೆಳಗೆ ನಾಲ್ಕು ಸಾಲು:

ಬ್ರಿಟಿಷರೇ ಗೆಲ್ಲುತ್ತಿದ್ದ ಕಪ್ಪನ್ನು ಮೊದಲ ಸಲ ಗೆದ್ದ ಭಾರತೀಯರು ನಾವು. ಒಲಿಂಪಿಕ್ಸ್‌ನಲ್ಲಿ ದೇಶದ ಮೊದಲ ಗೋಲು ಹೊಡೆದವನು ನಮ್ಮವನು. ನಮ್ಮ ಆಟಗಾರರು ಬೆಳಿಗ್ಗೆ ಫ್ಯಾಕ್ಟರಿಗೆ ಹೋಗಿ ಸಂಜೆ ಆಡುತ್ತಿದ್ದರು. ಲೀಗ್‌ಗೆ ಸೇರಿದ ಮೊದಲ ವರ್ಷವೇ ನಾವು ಚಾಂಪಿಯನ್.

"ಎಲ್ಲಾ ಸುಳ್ಳು ಮಾಮಾ, ನಾನೇ ಬರೆದಿದ್ದು. ಇಲ್ಲೆಲ್ಲಿದೆ ಹಿಸ್ಟರಿ? ಬರೀ ಐಟಿ ಪಾರ್ಕು" ಎಂದ. ಕಿಟಕಿಯಾಚೆ ಗಾಜಿನ ಕಟ್ಟಡಗಳು, ನೆಟ್ ಕಟ್ಟಿದ ಟರ್ಫಿನಲ್ಲಿ ಕೆಲಸ ಮುಗಿಸಿ ಬಂದ ಟೆಕ್ಕಿಗಳ ಆಟ. ಅವನು ಹೇಳಿದ್ದು ಸರಿಯೇ ಅನಿಸಿತು. ಆದರೂ ಆ ನಾಲ್ಕು ಸಾಲು ತಲೆಯಲ್ಲಿ ಕೊರೆಯತೊಡಗಿತು. ಹಳೆಯ ದಾಖಲೆಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾ ಹೋದೆ. ಮೈ ಝುಮ್ಮೆಂದಿತು. ಆ ನಾಲ್ಕೂ ಸಾಲು ನಿಜ! ನಾಲ್ಕೂ ನಡೆದದ್ದು ಬೆಂಗಳೂರಿನವರಿಂದ!

ಮಾರನೇ ಭಾನುವಾರ ಹುಡುಗನನ್ನು ಎಬ್ಬಿಸಿ ಪಟ್ಟಂದೂರು ಅಗ್ರಹಾರ ಸ್ಟೇಷನ್ನಿನಲ್ಲಿ ನೇರಳೆ ಮೆಟ್ರೋ ಹತ್ತಿಸಿದೆ. "ಇತಿಹಾಸ ಎಲ್ಲಿದೆ ಅಂದೆಯಲ್ಲ, ಕೇಳು. ನಿಮ್ಮ ಪಟ್ಟಂದೂರು ಕೆರೆ ಕಟ್ಟಿಸಿದ ವಿಷಯ ಕಾಡುಗೋಡಿಯ ಚೋಳರ ಕಾಲದ ಶಾಸನದಲ್ಲಿದೆ, 1043ನೇ ಇಸವಿ. ಫುಟ್‌ಬಾಲ್ ಇತಿಹಾಸವೂ ಇದೇ ರೈಲು ದಾರಿಯಲ್ಲಿದೆ, ಬಾ."

ಹೂಡಿ ಕಳೆದು ಕೆ.ಆರ್. ಪುರ ಬಂತು. ಇಲ್ಲೇ ದೂರವಾಣಿನಗರ. 1948ರಲ್ಲಿ ಹುಟ್ಟಿದ ಐಟಿಐ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನ್ ಮಾಡಿಕೊಟ್ಟ ಜಾಗ. ಆ ಕಾರ್ಖಾನೆಗೊಂದು ಫುಟ್‌ಬಾಲ್ ತಂಡವಿತ್ತು. ಅದು ರಾಷ್ಟ್ರೀಯ ಫುಟ್‌ಬಾಲ್ ಲೀಗ್‌ನಲ್ಲಿ ಕೋಲ್ಕತ್ತ, ಗೋವಾದ ದೊಡ್ಡ ಕ್ಲಬ್ಬುಗಳ ಎದುರು ಆಡಿತು! ವಿಮಾನ ಕಟ್ಟುವ ಎಚ್‌ಎಎಲ್‌ನ ತಂಡ 2010-11 ಮತ್ತು 2011-12ರಲ್ಲಿ ಐ-ಲೀಗ್‌ನ ಮೇಲಿನ ಹಂತದಲ್ಲೇ ಇತ್ತು. ಬಡಾವಣೆಯ ಹುಡುಗನ ಕಾಲಲ್ಲಿ ಚೆಂಡು ಮಾತು ಕೇಳುತ್ತದೆಂದರೆ ಕಾರ್ಖಾನೆ ಅವನಿಗೆ ಕೆಲಸ ಕೊಡುತ್ತಿತ್ತು. ಒಂದು ಮನೆಯ ಒಲೆ ಉರಿಯುತ್ತಿತ್ತು, ಒಂದು ತಂಡ ಬೆಳೆಯುತ್ತಿತ್ತು. ಐಟಿ ಬರುವ ಮೊದಲೇ ಈ ಪೂರ್ವದ ಬೆಂಗಳೂರು ಹೀಗೆ ಫುಟ್‌ಬಾಲ್ ಸಾಕಿತ್ತು. ಹುಡುಗ ನೋಟ್‌ಬುಕ್ ತೆಗೆದು ಮೂರನೇ ಸಾಲಿನ ಮುಂದೆ ಟಿಕ್ ಹಾಕಿದ.

ಹಲಸೂರಿನಲ್ಲಿ ಇಳಿದು ಗೌತಮಪುರಕ್ಕೆ ನಡೆದೆವು. ಸಣ್ಣ ಬೀದಿ, ಅಂಟಿಕೊಂಡ ಮನೆಗಳು, ಬಾಗಿಲಲ್ಲಿ ರಂಗೋಲಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಸಾಲಿನಲ್ಲಿ ನಿಂತವನು ಯಾರು ಗೊತ್ತೇ? ಪೆಲೆ! ಬ್ರೆಜಿಲ್‌ನ ಪೆಲೆ, ಹಲಸೂರಿನ ಪಕ್ಕದ ಕೇರಿಯಲ್ಲಿ! ಬೆಂಗಳೂರು ದಂಡಿನ ಗೋರಾ ಪಟಾಲಮ್‌ಗಳು ಬಯಲಲ್ಲಿ ಆಡುತ್ತಿದ್ದ ಆಟವನ್ನು ಸುತ್ತಲಿನ ಕೇರಿಗಳ ಮಕ್ಕಳು ನೋಡಿ ನೋಡಿ ಕಲಿತರು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್‌ಗಳಲ್ಲಿ ಅದು ಮನೆಮಾತಾಯಿತು. ಮನೆಯಲ್ಲಿ ಆಡುವುದು ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಯಾವುದೇ ಇರಲಿ, ಬಯಲಿಗೆ ಇಳಿದರೆ ಎಲ್ಲರದೂ ಒಂದೇ ಭಾಷೆ.

ಈಗ ಮೊದಲ ಸಾಲು. ಬಾಂಬೆಯ ರೋವರ್ಸ್ ಕಪ್ ಶುರುವಾದದ್ದು 1891ರಲ್ಲಿ. ನಾಲ್ಕು ದಶಕಕ್ಕೂ ಮೀರಿ ಒಂದೇ ಒಂದು ಭಾರತೀಯ ತಂಡದ ಕೈಗೂ ಅದು ದಕ್ಕಲಿಲ್ಲ. 1923ರಲ್ಲಿ ಮೋಹನ್ ಬಗಾನ್ ಫೈನಲ್ ತನಕ ಹೋಗಿ ಸೋತಿತ್ತು. 1937ರಲ್ಲಿ ಬೆಂಗಳೂರಿನಿಂದ ಒಂದು ತಂಡ ಹೊರಟಿತು, ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಎದುರಿಗೆ ಕಲ್ಕತ್ತಾ ಲೀಗನ್ನೇ ಆಳುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. 1-0. ಕಪ್ಪು ನಮ್ಮೂರಿಗೆ ಬಂತು! ಮರುವರ್ಷ 1938ರಲ್ಲಿ ಮತ್ತೆ ಗೆದ್ದರು. 1948ರಲ್ಲಿ ಮೋಹನ್ ಬಗಾನನ್ನೇ ಸೋಲಿಸಿ ಮೂರನೇ ಸಲ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫುಟ್‌ಬಾಲ್ ಅಂದರೆ ಬಂಗಾಳ, ಕೇರಳ, ಗೋವಾ ಎಂದು ನಂಬಿ ಬೆಳೆದವನು ನಾನು. ನಮ್ಮ ಊರಿನವರು ಬಾಗಿಲು ಒಡೆದು ಒಳಹೊಕ್ಕಿದ್ದರು, ನಮಗೆ ಯಾರೂ ಹೇಳಿರಲಿಲ್ಲ!

ಎರಡನೇ ಸಾಲಂತೂ ಅದಕ್ಕೂ ಮಿಗಿಲು. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಇಲ್ಫರ್ಡ್ ಮೈದಾನ. ಸ್ವತಂತ್ರ ಭಾರತಕ್ಕೆ ಇನ್ನೂ ಒಂದು ವರ್ಷ ತುಂಬಿಲ್ಲ. ಎದುರಿಗೆ ಫ್ರಾನ್ಸ್. ಅವರ ಕಾಲಲ್ಲಿ ಬೂಟು, ನಮ್ಮವರಲ್ಲಿ ಬಹುಪಾಲು ಜನ ಬರಿಗಾಲು! ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ 70ನೇ ನಿಮಿಷದಲ್ಲಿ ಚೆಂಡನ್ನು ಬಲೆಗೆ ಸೇರಿಸಿದವರು ಸಾರಂಗಪಾಣಿ ರಾಮನ್, ನಮ್ಮ ಬೆಂಗಳೂರಿನವರು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು! ನಾವು ಎರಡು ಪೆನಾಲ್ಟಿ ಕೈಚೆಲ್ಲಿದೆವು, ಕೊನೆಗಳಿಗೆಯಲ್ಲಿ ಫ್ರಾನ್ಸ್ 2-1ಕ್ಕೆ ಗೆದ್ದಿತು. ಅದೇ ತಂಡದಲ್ಲಿದ್ದರು ಬೆಂಗಳೂರಿನ ಅಹ್ಮದ್ ಖಾನ್. ಎದುರಾಳಿಯನ್ನು ಮರುಳುಮಾಡುವ ಅವರ ಕಾಲ್ಚಳಕಕ್ಕೆ ಜನ ಇಟ್ಟ ಹೆಸರು 'ಹಾವಾಡಿಗ'. ಮುಂದೆ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ಪ್ರಸಿದ್ಧ 'ಪಂಚ ಪಾಂಡವ'ರಲ್ಲಿ ಒಬ್ಬರಾದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಸುರಿದ ದಿನ ಭಾರತದ ಮಾನ ಉಳಿಸಿದ ಒಂದೇ ಒಂದು ಗೋಲು ಅವರದೇ.

ಎಂ.ಜಿ. ರಸ್ತೆ ಸ್ಟೇಷನ್ನಿನಿಂದ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂಗೆ ಬಂದೆವು. 2013ರ ಸೆಪ್ಟೆಂಬರ್ 22ರಂದು ಎರಡು ತಿಂಗಳ ಹಸುಗೂಸು ಬೆಂಗಳೂರು ಎಫ್‌ಸಿ ತನ್ನ ಮೊದಲ ಲೀಗ್ ಪಂದ್ಯ ಆಡಿದ್ದು ಇಲ್ಲಿ. ಎದುರಾಳಿ ಮೋಹನ್ ಬಗಾನ್, ಫಲಿತಾಂಶ 1-1. ಆ ಋತು ಮುಗಿಯುವಷ್ಟರಲ್ಲಿ ಸುನಿಲ್ ಛೆಟ್ರಿ ಮುಂದಾಳತ್ವದ ಈ ತಂಡ ದೇಶದ ಚಾಂಪಿಯನ್! ಹುಡುಗನ ನಾಲ್ಕನೇ ಸಾಲು ಅಕ್ಷರಕ್ಕೆ ಅಕ್ಷರ ನಿಜ. ಮೂರು ವರ್ಷ ಕಳೆದು 2016ರ ಅಕ್ಟೋಬರ್ 19ರ ರಾತ್ರಿ, ಮುಂದಿನ ಸ್ಟೇಷನ್ ಕಬ್ಬನ್ ಪಾರ್ಕ್ ಹತ್ತಿರದ ಕಂಠೀರವದಲ್ಲಿ, ಹಾಲಿ ಚಾಂಪಿಯನ್ ಮಲೇಷ್ಯಾದ ಜೊಹೊರ್ ತಂಡವನ್ನು 3-1ಕ್ಕೆ ಮಣಿಸಿ ಎಎಫ್‌ಸಿ ಕಪ್ ಫೈನಲ್ ಸೇರಿತು. ಅಲ್ಲಿಗೆ ತಲುಪಿದ ಮೊದಲ ಭಾರತೀಯ ಕ್ಲಬ್! ದೋಹಾದ ಫೈನಲ್ ಕೈತಪ್ಪಿತು. 2019ರಲ್ಲಿ ಐಎಸ್‌ಎಲ್ ಕಪ್ಪು ಬಂತು, 2022ರಲ್ಲಿ ಡುರಾಂಡ್ ಕಪ್ಪು.

ಇನ್ನೊಂದು ಮಾತು ಹುಡುಗನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ, ಅದನ್ನು ನಾನೇ ಹೇಳಿದೆ. ಮೈಸೂರು ರಾಜ್ಯವೆಂಬ ಹೆಸರಿದ್ದಾಗ ನಾವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿದ್ದೆವು, ಕೊನೆಯದು 1968-69ರಲ್ಲಿ. ಆಮೇಲೆ 54 ವರ್ಷ ಬರಿಗೈ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ಕ್ಕೆ ಸೋಲಿಸಿ ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲ ಸಲ ಗೆದ್ದೆವು. ಅದೇ ತಿಂಗಳ 25ರಂದು ಪಟ್ಟಂದೂರು ಅಗ್ರಹಾರಕ್ಕೆ ಮೆಟ್ರೋ ಉದ್ಘಾಟನೆಯಾಯಿತು. ನಾವು ಬಂದ ಅದೇ ರೈಲು!

ವಾಪಸು ಬರುವಾಗ ಹುಡುಗ ಮಾತಾಡಲಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕು ಟಿಕ್. ತಾನು ಕಟ್ಟಿದ ಆಟಗಾರರ ಪಟ್ಟಿಯನ್ನು ಹೊಡೆದುಹಾಕಿ ಮೇಲೆ ಬರೆದ: ರಾಮನ್, ಅಹ್ಮದ್ ಖಾನ್. ಆಮೇಲೆ ಕೇಳಿದ, "ಮಿಕ್ಕ ಒಂಬತ್ತು ಜನ ಯಾರು ಮಾಮಾ?"

ಓದುಗರೇ, ಆ ಒಂಬತ್ತು ಹೆಸರು ನಿಮ್ಮಲ್ಲಿರಬಹುದು. ನಿಮ್ಮ ಅಜ್ಜ ಹಲಸೂರಿನ ಬಯಲಲ್ಲಿ ಬರಿಗಾಲಲ್ಲಿ ಆಡಿರಬಹುದು, ದೊಡ್ಡಪ್ಪ ಐಟಿಐ ಜೆರ್ಸಿ ತೊಟ್ಟಿರಬಹುದು. ಟ್ರಂಕಿನ ತಳದ ಫೋಟೋ ಹೊರತೆಗೆಯಿರಿ, ಹಿಂಬದಿಯಲ್ಲಿ ಹೆಸರು, ಇಸವಿ ಬರೆದಿಡಿ, ಮನೆಯ ಮಕ್ಕಳನ್ನು ಕೂರಿಸಿಕೊಂಡು ಕತೆ ಹೇಳಿ. ನಡೆದದ್ದೇ ಇಷ್ಟೊಂದು ಇರುವಾಗ ನಮ್ಮ ಮಕ್ಕಳು ಕಟ್ಟುಕತೆ ಬರೆದುಕೊಳ್ಳುವ ಹಾಗೆ ಆಗಬಾರದು.